ಕಾರಂಜಿ ರಾತ್ರಿ ಓಡಲಿ: ಉದ್ಯಾನ ವಿಭಾಗದ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಅಧಿಕಾರಿಗಳೇ, ನಮಸ್ಕಾರ.

ಪಾರ್ಕಿನ ಕೆರೆಯಲ್ಲಿ ಮತ್ತೆ ಮೀನು ಸತ್ತಿವೆ. ವಾಕಿಂಗ್‌ಗೆ ಬರುವವರು ಮೂಗು ಮುಚ್ಚಿಕೊಂಡು ಬೇರೆ ದಾರಿ ಹಿಡಿಯುತ್ತಿದ್ದಾರೆ. ಗಾಳ ಹಾಕುವ ಕಟ್ಟೆಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದಾರೆ. ಮುಂದಿನ ಆದೇಶದವರೆಗೆ ಮೀನು ಹಿಡಿಯುವಂತಿಲ್ಲ ಅಂತ ಬೋರ್ಡ್ ತೂಗುತ್ತಿದೆ. ಯಾರೋ ವಿಷ ಹಾಕಿರಬೇಕು ಅಂತ ಕೆಲವರ ಮಾತು. ಗಾಳದವರದ್ದೇ ಕೆಲಸ ಅಂತ ಇನ್ನು ಕೆಲವರದ್ದು.

ಈ ದಡದಲ್ಲಿ ವರ್ಷಗಳಿಂದ ಕೂತು ಬಂದವನಾಗಿ ಹೇಳುತ್ತಿದ್ದೇನೆ. ಈ ಮೀನುಗಳು ಉಸಿರು ಕಟ್ಟಿ ಸತ್ತ ಹಾಗೆ ಕಾಣುತ್ತದೆ. ನೀರಿಗೆ ಗಾಳಿ ಸೇರಿಸುವ ಯಂತ್ರ ಕೆರೆಯ ನಡುವೆಯೇ ಇದೆ, ಅದೇ ಕಾರಂಜಿ. ಆದರೆ ಬೇಕಾದ ಹೊತ್ತಿನಲ್ಲಿ ಅದು ಬಂದ್ ಆಗಿರುತ್ತದೆ.

ದಯವಿಟ್ಟು ಒಂದು ದಿನ ಸೂರ್ಯ ಹುಟ್ಟುವ ಮೊದಲು ಕೆರೆಯ ಹತ್ತಿರ ಬನ್ನಿ. ನೀರು ಅಲುಗಾಡದೆ ನಿಂತಿರುತ್ತದೆ. ಮೇಲ್ಮೈಯಲ್ಲಿ ಅಲ್ಲಲ್ಲಿ ಸಣ್ಣ ಉಂಗುರಗಳು ಏಳುತ್ತಿರುತ್ತವೆ. ಸ್ವಲ್ಪ ಬಗ್ಗಿ ನೋಡಿದರೆ ಪ್ರತಿ ಉಂಗುರದ ನಡುವೆ ಒಂದು ಬಾಯಿ. ದೊಡ್ಡ ಮೀನುಗಳು ತಲೆ ಮೇಲೆ ಮಾಡಿ, ನೀರಿನ ತೀರಾ ಮೇಲಿನ ಪದರವನ್ನು ಕಿವಿರಿಗೆ ಎಳೆದುಕೊಳ್ಳುತ್ತಿರುತ್ತವೆ. ಕಾಲ ಸಪ್ಪಳಕ್ಕೂ ಒಳಗೆ ಮುಳುಗುವುದಿಲ್ಲ. ಬೇರೆ ಹೊತ್ತಿನಲ್ಲಾದರೆ ನೆರಳು ಬಿದ್ದರೂ ಸಾಕು, ಮಾಯವಾಗುವ ಮೀನು ಅವು. ಸತ್ತವುಗಳಲ್ಲಿ ದೊಡ್ಡವೇ ಜಾಸ್ತಿ, ಸಣ್ಣ ಮರಿಗಳು ಬಹಳಷ್ಟು ಉಳಿದುಕೊಂಡಿವೆ. ಆಮ್ಲಜನಕ ಕಡಿಮೆಯಾದಾಗ ಸಾಮಾನ್ಯವಾಗಿ ಹೀಗೇ ಆಗುತ್ತದೆ. ವಿಷವಾಗಿದ್ದರೆ ದೊಡ್ಡದು ಚಿಕ್ಕದು ಅಂತ ನೋಡುವುದು ಕಡಿಮೆ. ನಸುಕಿಗಾಗಿ ಕಾಯುವುದೂ ಇಲ್ಲ.

ಕಾರಣ ಕಷ್ಟದ್ದೇನಲ್ಲ. ಹಗಲಲ್ಲಿ ಪಾಚಿ ಬಿಸಿಲು ತಿಂದು ನೀರಿಗೆ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಆ ಕೆಲಸ ನಿಲ್ಲುತ್ತದೆ. ಆದರೆ ಉಸಿರಾಟ ನಿಲ್ಲಲ್ವಲ್ಲ? ಮೀನು, ಪಾಚಿ, ತಳದ ಹೂಳಿನಲ್ಲಿ ಕೊಳೆತದ್ದನ್ನು ತಿನ್ನುವ ಸೂಕ್ಷ್ಮಜೀವಿ, ಎಲ್ಲವೂ ರಾತ್ರಿಯಿಡೀ ಅದೇ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ಹಾಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಅದು ಅತಿ ಕಡಿಮೆ. ಅದರ ಮೇಲೆ ಬೇಸಿಗೆ ಬೇರೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಬಂದರೆ ಸುಮಾರು ಏಳೂವರೆ ಮಾತ್ರ. ಮೇಲಾಗಿ ಬಿಸಿ ನೀರಿನಲ್ಲಿ ಮೀನಿಗೆ ಬೇಕಾಗುವುದೂ ಜಾಸ್ತಿ. ಸತತ ಎರಡು ಮೂರು ದಿನ ಮೋಡ ಕವಿದರೆ ಹಗಲಿನ ಗಳಿಕೆಯೂ ಕೈಕೊಡುತ್ತದೆ.

ಈಗ ನಿಮ್ಮ ಇಲಾಖೆ ಮಾಡಿಸಿದ ಪರೀಕ್ಷೆಯ ವಿಷಯ. ನೀರಿನ ಮಾದರಿ ತೆಗೆದದ್ದು ನಡುಮಧ್ಯಾಹ್ನ, ಬಿಸಿಲು ಚೆನ್ನಾಗಿದ್ದಾಗ. ಆಮ್ಲಜನಕ ಸಾಕಷ್ಟಿದೆ ಅಂತ ವರದಿ ಬಂತು. ಆ ಹೊತ್ತಿನಲ್ಲಿ ಇರಲೇಬೇಕು, ಪಾಚಿ ಜಾಸ್ತಿ ಇರುವ ಕೆರೆಯಲ್ಲಂತೂ ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ. ವರದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೇಳಬೇಕಾದ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಕೈಯಲ್ಲಿ ಹಿಡಿಯುವ ಮೀಟರ್ ತಂದು ಬೆಳಗಿನ ಜಾವ ನೀರಿಗೆ ಇಳಿಬಿಡಿ. ಮೇಲೆ ಒಂದು ಸಲ, ತಳದ ಹತ್ತಿರ ಒಂದು ಸಲ ಅಳೆಯಿರಿ. ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಅನೇಕ ಮೀನುಗಳಿಗೆ ಕಷ್ಟ ಶುರು. 2ಕ್ಕಿಂತ ಕೆಳಗೆ ಹೋದರೆ ಹೆಚ್ಚಿನವು ಬದುಕುವುದಿಲ್ಲ.

ಇನ್ನು ಕಾರಂಜಿ. ಸಂಜೆ ಬಣ್ಣದ ದೀಪದ ಜೊತೆ ಶುರುವಾಗುತ್ತದೆ. ಮಕ್ಕಳು ಕುಣಿಯುತ್ತಾರೆ, ಫೋಟೋ ತೆಗೆಯುತ್ತಾರೆ. ಅದು ಇರಲಿ, ಚೆನ್ನಾಗಿದೆ. ಗೇಟು ಹಾಕುವಾಗ ಅದೂ ನಿಲ್ಲುತ್ತದೆ. ಮೀನಿಗೆ ಕಷ್ಟದ ಹೊತ್ತು ಬರುವುದು ಅದಾದ ಮೇಲೆ. ನೀರನ್ನು ಮೇಲಕ್ಕೆ ಎಸೆದು ಗಾಳಿಗೆ ಒಡ್ಡುವ ಆ ಯಂತ್ರ ಮಧ್ಯರಾತ್ರಿಯಿಂದ ಬಿಸಿಲು ಏರುವವರೆಗೆ ಓಡಬೇಕು. ದೀಪ ಬೇಡ, ನೋಡುವವರು ಬೇಡ, ಪಂಪ್ ಓಡಿದರೆ ಸಾಕು. ಕರೆಂಟ್ ಉಳಿಸಲೇಬೇಕು ಅಂದರೆ ಸಂಜೆಯ ಸಮಯವನ್ನೇ ಅರ್ಧ ಮಾಡಿ, ನಾವ್ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕಾರಂಜಿ ಕಲಕುವುದು ಹೆಚ್ಚಾಗಿ ಮೇಲಿನ ನೀರನ್ನು. ಮುಂದೆ ಹಣ ಒದಗಿದಾಗ ತಳದಿಂದ ಗುಳ್ಳೆ ಬಿಡುವ ಏರೇಟರ್ ಹಾಕಿಸಿ. ಅದನ್ನು ಮೊದಲ ದಿನವೇ ಪೂರ್ತಿ ಓಡಿಸಬಾರದು. ತಳದಲ್ಲಿ ಕೂತಿರುವ ಆಮ್ಲಜನಕವಿಲ್ಲದ ನೀರು ಒಮ್ಮೆಲೇ ಮೇಲೆ ಬೆರೆತರೆ ಅದರಿಂದಲೇ ಮೀನು ಸಾಯಬಹುದು. ಶುರುವಿನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಓಡಿಸಿ, ದಿನ ಕಳೆದಂತೆ ಹೆಚ್ಚಿಸಬೇಕು.

ಕೆರೆ ಇಷ್ಟು ಹಸಿರಾಗಿದ್ದಾದರೂ ಏಕೆ? ಹುಲ್ಲುಹಾಸಿಗೆ ಗೊಬ್ಬರ ಎರಚುತ್ತಾರೆ. ಮರುದಿನ ಮಳೆ ಬಂದರೆ ಅದು ಇಳಿಜಾರಿನಲ್ಲಿ ನೇರ ಕೆರೆಗೆ. ಕತ್ತರಿಸಿದ ಹುಲ್ಲು, ಗುಡಿಸಿದ ಎಲೆಯನ್ನೂ ದಡಕ್ಕೇ ತಳ್ಳುವುದನ್ನು ನೋಡಿದ್ದೇನೆ. ಕೆನಡಾದ ಒಂಟಾರಿಯೋದಲ್ಲಿ ಸಂಶೋಧನೆಗೆಂದೇ ಮೀಸಲಿಟ್ಟ ಕೆರೆಗಳಿವೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು ಅಲ್ಲಿನ ಒಂದು ಕೆರೆಯನ್ನು ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ರಂಜಕ ಮಾತ್ರ ಒಂದೇ ಕಡೆ. ರಂಜಕ ಬಿದ್ದ ಭಾಗ ಪಾಚಿಗಟ್ಟಿ ಹಸಿರಾಯಿತು, ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಕೆರೆಯ ಫೋಟೋ ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ನಮ್ಮ ಹುಲ್ಲುಹಾಸಿಗೆ ರಂಜಕವಿರುವ ಗೊಬ್ಬರ ನಿಜಕ್ಕೂ ಬೇಕಾ? ಮಣ್ಣು ಪರೀಕ್ಷೆ ಮಾಡಿಸಿ ಆಮೇಲೆ ತೀರ್ಮಾನಿಸಿ. ಕೆರೆಯ ಸುತ್ತ ಕೆಲವು ಅಡಿ ಅಗಲಕ್ಕೆ ಹುಲ್ಲು, ಜೊಂಡು ಬೆಳೆಯಲು ಬಿಡಿ. ಹರಿದು ಬರುವ ಮಣ್ಣನ್ನೂ ಗೊಬ್ಬರವನ್ನೂ ಅದು ಸಾಕಷ್ಟು ತಡೆಯುತ್ತದೆ. ಸುತ್ತಲೂ ಕಲ್ಲು ಕಟ್ಟುವ ಯೋಜನೆ ಇದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ.

ಗಾಳ ಹಾಕುವವರಿಂದ ಏನೂ ತೊಂದರೆ ಇಲ್ಲ ಅಂತ ನಾನು ವಾದಿಸುವುದಿಲ್ಲ. ಕಟ್ಟೆಯ ಕೆಳಗೆ ಒಂದು ನೀರುಕೋಳಿ ಓಡಾಡುತ್ತಿತ್ತು. ಅದರ ಕಾಲಿಗೆ ನೈಲಾನ್ ದಾರ ಎಷ್ಟು ಬಿಗಿಯಾಗಿ ಸುತ್ತಿತ್ತೆಂದರೆ, ಬೆರಳುಗಳು ಮಡಚಿಕೊಂಡು ಕಪ್ಪಾಗಿದ್ದವು. ಹಿಡಿಯಲು ಹೋದರೆ ಜೊಂಡಿನೊಳಗೆ ನುಗ್ಗಿಬಿಟ್ಟಿತು. ಆ ದಾರ ಬಿಸಾಡಿದವರು ನಮ್ಮವರೇ. ಅದು ಬೇಗ ಕೊಳೆಯುವ ವಸ್ತುವಲ್ಲ. ಕಟ್ಟೆಯ ಕಂಬಕ್ಕೆ ಬಾಯಿ ಬಗ್ಗಿಸಿದ ಒಂದು ಪಿವಿಸಿ ಪೈಪ್ ಕಟ್ಟಿ, ತುಂಡಾದ ದಾರ ಹಾಕಲು ಬಿಟ್ಟರೆ ಎಷ್ಟೋ ಉಪಕಾರ. ಅದನ್ನು ಖಾಲಿ ಮಾಡುವ ಕೆಲಸ ನಾವು ವಹಿಸಿಕೊಳ್ಳುತ್ತೇವೆ. ಗಾಳ ಮುಳುಗಲೆಂದು ಭಾರಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ನಿಷೇಧಿಸಿ, ನಾವು ಬೆಂಬಲಿಸುತ್ತೇವೆ. ಹಂಸಗಳು ಅವನ್ನು ನುಂಗಿ ಸಾಯುತ್ತವೆಂದು ಬ್ರಿಟನ್ 1987ರಲ್ಲೇ ಗಾಳಕ್ಕೆ ಕಟ್ಟುವ ಹೆಚ್ಚಿನ ಅಳತೆಯ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿತು. ಹಿಡಿದು ಬಿಡುವ ಮೀನಿಗೆ ಮುಳ್ಳಿಲ್ಲದ ಕೊಕ್ಕೆ ಕಡ್ಡಾಯ ಮಾಡಿ. ಒದ್ದೆ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಅಷ್ಟಾಗಿ ಕೀಳುವುದಿಲ್ಲ ಅಂತ ಬೋರ್ಡಿನಲ್ಲಿ ಬರೆಸಿ.

ಬಿಸಿಲು ತೀರಾ ಜಾಸ್ತಿ ಇದ್ದು ಮೀನು ಮೇಲೆ ಬಂದು ಬಾಯಿ ಬಿಡುವ ದಿನಗಳಲ್ಲಿ ಗಾಳ ಬೇಡ ಅಂದರೆ ಒಪ್ಪುತ್ತೇವೆ, ಅದು ಸರಿಯೇ. ಆದರೆ ಆ ಹಗ್ಗ ಸುಮ್ನೆ ಕಾಯಂ ಆಗಿಬಿಡಬಾರದು. ನೀರಿನ ಬಣ್ಣ, ವಾಸನೆ ಬದಲಾದದ್ದು ಮೊದಲು ಗೊತ್ತಾಗುವುದು ದಿನಾ ಬೆಂಡಿನ ಮೇಲೆ ಕಣ್ಣಿಟ್ಟು ಕೂರುವವರಿಗೆ. ಅವರನ್ನು ಹೊರಗಿಟ್ಟರೆ ಮುಂದಿನ ಸಲ ನಿಮಗೆ ಹೇಳುವವರೂ ಇರುವುದಿಲ್ಲ.

ಮೀಟರ್ ಹಿಡಿದು ಬೆಳಗಿನ ಜಾವ ಬರಲು ನಿಮ್ಮ ಸಿಬ್ಬಂದಿ ಸಾಲದಿದ್ದರೆ ನಮಗೆ ಕಲಿಸಿಕೊಡಿ. ಅಳೆದು, ಬರೆದು, ವಾರ ವಾರ ಕಚೇರಿಗೆ ತಲುಪಿಸುತ್ತೇವೆ. ಕಾರಂಜಿಯ ಟೈಮರ್ ಬದಲಿಸಲು ಯಾರ ಸಹಿ ಬೇಕು, ಅರ್ಜಿ ಯಾರಿಗೆ ಕೊಡಬೇಕು ಅನ್ನುವುದನ್ನು ದಯವಿಟ್ಟು ಈ ವಾರದೊಳಗೆ ಪಾರ್ಕಿನ ನೋಟೀಸ್ ಬೋರ್ಡಿನಲ್ಲಿ ತಿಳಿಸಿ.

ಇಂತಿ,
ಕೆರೆಯ ದಡದಲ್ಲಿ ಕೂರುವವರಲ್ಲಿ ಒಬ್ಬ