ಹಗುರ ಅಂತ ಹೇಳಿ ಭಾರದ ಚೈನ್ ಸಾ ಕೊಟ್ಟಿದ್ದು, ಬದಲಿಸಿ ಕೊಡದೆ ಅವಮಾನ ಮಾಡಿದ್ದು: ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಿಮ್ಮ ಸಹಾಯವಾಣಿಗೆ ನಾನು ಒಂಬತ್ತು ಸಲ ಫೋನ್ ಮಾಡಿದ್ದೇನೆ. ಒಂಬತ್ತು ಸಲವೂ ಮರ್ಯಾದೆಯಿಂದ ಮಾತಾಡಿದ್ದೇನೆ. ಪ್ರತಿ ಸಲ 48 ಗಂಟೆಯೊಳಗೆ ಕರೆ ಬರುತ್ತದೆ ಅಂದರು. ಒಂದು ಸಲವೂ ಬರಲಿಲ್ಲ. ನಿನ್ನೆ ಮೆಸೇಜ್ ಬಂತು, ನಿಮ್ಮ ದೂರು ಪರಿಹಾರವಾಗಿದೆ ಅಂತ. ನಿಮ್ಮಿಂದ ತಂದ ಮರ ಕೊಯ್ಯುವ ಚೈನ್ ಸಾ ಮಿಷನ್ ಇನ್ನೂ ನಮ್ಮ ಹಟ್ಟಿಯ ಪಕ್ಕದ ಕೋಣೆಯಲ್ಲಿ ಗೋಣಿಯೊಳಗೇ ಇದೆ. ಏನು ಪರಿಹಾರ ಆಯಿತು? ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮದು ಹಿರಿಯಡ್ಕದ ಹತ್ತಿರ ಎರಡು ಎಕರೆ ಅಡಿಕೆ ತೋಟ, ಮೇಲೆ ಗುಡ್ಡೆಯಲ್ಲಿ ಸ್ವಲ್ಪ ಗೇರು. ಬೇಲಿಗೆ ಗ್ಲಿರಿಸಿಡಿಯಾ, ನಡುನಡುವೆ ಹೊಂಗಾರೆ. ನಮ್ಮವರಿಗೆ ಎರಡು ವರ್ಷದ ಹಿಂದೆ ಬೆನ್ನಿನ ಆಪರೇಷನ್ ಆಗಿದೆ, ಭಾರ ಎತ್ತುವ ಹಾಗಿಲ್ಲ. ಹಾಗಾಗಿ ಬೇಲಿ ಸವರುವುದು, ಗೇರಿನ ಗೆಲ್ಲು ತೆಗೆಯುವುದು ನನ್ನದೇ ಕೆಲಸ. ನನಗೆ 52 ವರ್ಷ, ಬಲ ಹೆಗಲು ಆಗಾಗ ಹಿಡಿದುಕೊಳ್ಳುತ್ತದೆ. ಇಷ್ಟು ವರ್ಷ ಕತ್ತಿಯಲ್ಲೇ ಕಡಿಯುತ್ತಿದ್ದೆ. ಮಿಷನ್ ಇರುವವರನ್ನು ಕರೆಯೋಣ ಅಂದರೆ ಮೇ ತಿಂಗಳಲ್ಲಿ ಊರಿನ ಎಲ್ಲರಿಗೂ ಒಟ್ಟಿಗೇ ಬೇಕು, ಕಾದು ಕಾದು ಮಳೆ ಬಂದುಬಿಡುತ್ತದೆ. ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಗೆ ಮಳೆಗಾಲದ ಮುಂಚೆ ಬರುವ ನಮ್ಮ ತುಳುವರ ಆ ದಿನದೊಳಗೆ, ಬೇಲಿ ಮುಗಿಯದಿದ್ದರೆ ಸೊಪ್ಪು ಅಡಿಕೆ ಬುಡಕ್ಕೂ ಸಿಗುವುದಿಲ್ಲ, ಗಾಳಿಮಳೆಗೆ ಗೆಲ್ಲು ಕರೆಂಟಿನ ತಂತಿಯ ಮೇಲೆ ಬಿದ್ದರೆ ಇಡೀ ಬೈಲಿಗೇ ಕತ್ತಲೆ. ಇದು ನನಗೆ ಆಟದ ಸಾಮಾನಲ್ಲ ಅಂತ ಮೊದಲೇ ಹೇಳುತ್ತೇನೆ.

ಏಪ್ರಿಲ್ 7ರಂದು ನಿಮ್ಮ ಉಡುಪಿಯ ಅಧಿಕೃತ ಮಳಿಗೆಗೆ ಹೋದಾಗ ನನಗೆ ಬೇಕಾದ್ದು ಯಾವುದು ಅಂತ ಸರಿಯಾಗಿ ಗೊತ್ತಿತ್ತು. ನಾನು ಕೊಯ್ಯುವ ಗೆಲ್ಲು ಜಾಸ್ತಿ ಅಂದರೆ ನಾಲ್ಕೈದು ಇಂಚು ದಪ್ಪ. ಅದಕ್ಕೆ 12 ಇಂಚಿನ ಬಾರ್, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿ, ಧಾರಾಳ ಸಾಕು. ನಿಮ್ಮ ಕ್ಯಾಟಲಾಗಿನಲ್ಲೇ ಬ್ಯಾಟರಿಯದು ಒಂದಿದೆ, ಹಿಡಿ ಹಿಂದೆ ಇರುವಂಥದ್ದು, ಬ್ಯಾಟರಿ, ಬಾರ್, ಚೈನ್ ಎಲ್ಲ ಸೇರಿ 4 ಕೆಜಿ ಆಸುಪಾಸು. ದಿನಕ್ಕೆ ಒಂದು ಗಂಟೆಯ ಕೆಲಸಕ್ಕೆ ಅದೇ ಸರಿ. ಸ್ಟಾರ್ಟ್ ಮಾಡಲು ಹಗ್ಗ ಎಳೆದೆಳೆದು ಹೆಗಲು ಕಳೆದುಕೊಳ್ಳಬೇಕಾಗಿಲ್ಲ, ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸವೂ ಇಲ್ಲ. ರೇಟು ಜಾಸ್ತಿ ಅಂತ ಗೊತ್ತಿತ್ತು, ಕೊಡಲು ಸಿದ್ಧಳಿದ್ದೆ. ಆ ಮಾಡೆಲಿನ ಹೆಸರು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ.

ನಿಮ್ಮ ಸೇಲ್ಸ್‌ನವರು ಚೀಟಿ ನೋಡಲೇ ಇಲ್ಲ. "ಬ್ಯಾಟರಿಯದ್ದೆಲ್ಲ ಮಕ್ಕಳಾಟಿಕೆ ಅಕ್ಕ, ಸ್ಟಾಕೂ ಇಲ್ಲ, ಇದು ತಗೊಳ್ಳಿ, ಹಗುರ ಉಂಟು" ಅಂತ 45 ಸಿಸಿಯ ಪೆಟ್ರೋಲ್ ಮಿಷನ್ ತೋರಿಸಿದರು. ಪೋಸ್ಟರಿನಲ್ಲಿ ಅಂಗೈಯಗಲದ ಅಕ್ಷರದಲ್ಲಿ 4.5 ಕೆಜಿ ಅಂತ ಇತ್ತು. ಶೋಕೇಸಿನಲ್ಲಿದ್ದದ್ದನ್ನು ಎತ್ತಿ ನೋಡಿದೆ. ಅದಕ್ಕೆ ಬಾರ್ ಇರಲಿಲ್ಲ, ಚೈನ್ ಇರಲಿಲ್ಲ, ಟ್ಯಾಂಕ್ ಖಾಲಿ. ಅರ್ಧ ಕೆಜಿ ಹೆಚ್ಚಾದರೂ ಸುಧಾರಿಸಬಹುದು ಅಂದುಕೊಂಡೆ. ಅವರ ಮಾತು ನಂಬಿದ್ದು ನನ್ನ ತಪ್ಪು, ಒಪ್ಪುತ್ತೇನೆ. 16,800 ರೂಪಾಯಿ ಕಟ್ಟಿದೆ. ಆಮೇಲೆ ಹುಡುಗ 18 ಇಂಚಿನ ಬಾರ್ ಜೋಡಿಸಿ, ಪೆಟ್ರೋಲ್ ತುಂಬಿಸಿ, ಆಯಿಲನ್ನು ಅಳತೆಯೂ ಇಲ್ಲದೆ ಬಾಟಲಿಯಿಂದ ಸುರಿದು, ಅಂಗಡಿಯ ಅಂಗಳದಲ್ಲಿ ಎರಡು ನಿಮಿಷ ಸ್ಟಾರ್ಟ್ ಮಾಡಿ ತೋರಿಸಿ, ತಾನೇ ಬಾಕ್ಸಿಗೆ ಹಾಕಿ ರಿಕ್ಷಾದಲ್ಲಿಟ್ಟ. ಒಂದು ಲೀಟರಿಗೆ 20 ಎಂಎಲ್ ಅಂತ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ, ನಿಮ್ಮ ಹುಡುಗರಿಗೆ ಅದನ್ನು ಯಾರೂ ಓದಿಸಲಿಲ್ಲವಾ?

ಮರುದಿನ ಬೆಳಿಗ್ಗೆ ಬೇಲಿಯ ಹತ್ತಿರ ಒಯ್ದು, ಸ್ಟಾರ್ಟ್ ಮಾಡದೆ ಸುಮ್ನೆ ಹಿಡಿದು ನಿಂತೆ. ಎದೆಯ ಮಟ್ಟದಲ್ಲಿ ಹಿಡಿದಾಗ ಮುಂದಿನ ತುದಿ ನೆಲಕ್ಕೆ ಎಳೆಯುತ್ತದೆ. ಎರಡು ನಿಮಿಷಕ್ಕೆ ಕೈ ನಡುಗಲು ಶುರುವಾಯಿತು. ಒಳಗೆ ಬಂದು ಅಡಿಕೆ ಚೀಲ ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿದೆ. 6 ಕೆಜಿ 200 ಗ್ರಾಂ! ನಿಮ್ಮ 4.5 ಕೆಜಿ ಬರೀ ಇಂಜಿನ್ನಿನ ತೂಕ. ಬಾರ್, ಚೈನ್, ಪೆಟ್ರೋಲ್, ಚೈನಿಗೆ ಹಾಕುವ ಆಯಿಲ್ ಯಾವುದೂ ಅದರಲ್ಲಿ ಸೇರಿಲ್ಲ. ಪೋಸ್ಟರಿನ ಫೋಟೋ ತೆಗೆದಿಟ್ಟಿದ್ದೆ, ಹಿಗ್ಗಿಸಿ ನೋಡಿದೆ. ಅದೂ ಅಲ್ಲಿ ಬರೆದಿದೆ, ಕೆಳಗೆ ಮೂಲೆಯಲ್ಲಿ, ಇರುವೆ ಸಾಲಿನ ಹಾಗೆ. ಬಾರ್ ಇಲ್ಲದೆ, ಪೆಟ್ರೋಲ್ ಇಲ್ಲದೆ ಯಾರಾದರೂ ಮರ ಕೊಯ್ಯುತ್ತಾರಾ? ಹಾಗಿದ್ದ ಮೇಲೆ ಆ ತೂಕವನ್ನು ದೊಡ್ಡದಾಗಿ ಬರೆದದ್ದು ಯಾರನ್ನು ನಂಬಿಸಲಿಕ್ಕೆ?

ಭಾರದ ವಿಷಯ ಮಾತ್ರ ಅಲ್ಲ. ನಮ್ಮ ಬೇಲಿಯಲ್ಲಿ ಹಳೇ ಮುಳ್ಳುತಂತಿ ಗಿಡದ ಒಳಗೇ ಸೇರಿಹೋಗಿದೆ. ಇಲ್ಲಿಯ ಹೆಚ್ಚಿನ ಬೇಲಿಗಳ ಕಥೆ ಅದೇ. ಉದ್ದದ ಬಾರ್ ಆದರೆ ನಾನು ಕೊಯ್ಯುವ ಗೆಲ್ಲಿನ ಆಚೆ ಅದರ ತುದಿ ಎಲ್ಲಿದೆ ಅಂತ ಕಾಣುವುದೇ ಇಲ್ಲ. ತುದಿಯ ಮೇಲಿನ ಭಾಗ ಇನ್ನೊಂದು ಕೊಂಬೆಗೋ ತಂತಿಗೋ ತಾಗಿದರೆ ಮಿಷನ್ ಒಂದೇ ಏಟಿಗೆ ಹಿಂದಕ್ಕೆ, ಮುಖದ ಕಡೆಗೆ ಚಿಮ್ಮುತ್ತದೆ. ಚೈನನ್ನು ತಕ್ಷಣ ನಿಲ್ಲಿಸುವ ಚೈನ್ ಬ್ರೇಕ್ ಇರುವುದೇ ಅದಕ್ಕೆ, ಆದರೆ ಸುಸ್ತಾದ ಕೈಯಲ್ಲಿ ಬ್ರೇಕನ್ನೇ ನಂಬಿ ನಿಲ್ಲಲಿಕ್ಕೆ ಆಗುವುದಿಲ್ಲ. ಸಣ್ಣ ಬಾರ್, ಹಗುರ ಮಿಷನ್ ಬೇಕು ಅಂದದ್ದು ಸೋಮಾರಿತನಕ್ಕಲ್ಲ, ಜೀವದ ಆಸೆಗೆ.

ಅದೇ ದಿನ ಟ್ಯಾಂಕ್ ಖಾಲಿ ಮಾಡಿದೆ. ಪೆಟ್ರೋಲ್ ಹಾಗೇ ಬಿಟ್ಟರೆ ಕಾರ್ಬೊರೇಟರ್ ಹಾಳಾಗುತ್ತದೆ ಅಂತ ಗೊತ್ತಿತ್ತು. 9, 10, 11 ಮೂರು ದಿನ ಮಳಿಗೆಗೆ ಫೋನ್ ಮಾಡಿದೆ. 12ರಂದು ಗೋಣಿಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಹೊರಟೆ. ಲಗೇಜಿಗೆ 20 ರೂಪಾಯಿ ಬೇರೆ.

ಅಲ್ಲಿ ನಡೆದದ್ದನ್ನು ನೀವು ಪೂರ್ತಿ ಓದಬೇಕು.

ಕೌಂಟರಿನಲ್ಲಿ ಅದೇ ಸೇಲ್ಸ್‌ನವರು, ಪಕ್ಕದಲ್ಲಿ ಸರ್ವೀಸಿನವರು, ಬೇರೆ ನಾಲ್ಕು ಗಿರಾಕಿಗಳು. ನಾನು ಗೋಣಿ ಬಿಚ್ಚಿ ಮಿಷನ್ ಕೌಂಟರಿನ ಮೇಲಿಟ್ಟೆ. ಸೇಲ್ಸ್‌ನವರು ಮೊದಲು ಕೇಳಿದ್ದು, "ಯಜಮಾನರು ಬರ್ಲಿಲ್ವಾ?" ಅಂತ. ಬಿಲ್ ನನ್ನ ಹೆಸರಲ್ಲಿದೆ ಅಂದೆ. "ಹಾಗಲ್ಲ ಅಕ್ಕ, ಗಂಡಸರಿದ್ರೆ ಹೇಳಿದ್ದು ಅರ್ಥ ಆಗ್ತದೆ" ಅಂದರು. ನಾನು ವಾರಂಟಿ ಕಾರ್ಡ್ ತಿರುಗಿಸಿ ಓದಿದೆ. ಬಳಸದ ಸಾಮಾನನ್ನು 7 ದಿನದೊಳಗೆ ಬಿಲ್ ಸಹಿತ ತಂದರೆ ಬದಲಿಸಿ ಕೊಡಲಾಗುವುದು, ಇದು ನೀವೇ ಬರೆದ ನಿಯಮ, ಇವತ್ತು ಐದನೇ ದಿನ. ಸರ್ವೀಸಿನವರು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. "ಪೆಟ್ರೋಲ್ ವಾಸನೆ ಬರ್ತದೆ. ಯೂಸ್ ಆಗಿದೆ." ಅದು ನಿಮ್ಮ ಹುಡುಗ ಹಾಕಿದ್ದು ಅಂದೆ. "ಅದಕ್ಕೆ ಪ್ರೂಫ್ ಎಂತ ಉಂಟು?" ಚೈನ್ ನೋಡಿ ಅಂದೆ. ಒಂದು ಹಲ್ಲಿಗೂ ಮರದ ಹುಡಿ ತಾಗಿಲ್ಲ, ಹೊಸ ಬಣ್ಣ ಹಾಗೇ ಇದೆ. ಅವರು ನೋಡಲಿಲ್ಲ. ಹುಡುಗ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ. ನೀನೇ ಹೇಳಪ್ಪ ಅಂದೆ. ಅವನು ಸೇಲ್ಸ್‌ನವರ ಮುಖ ನೋಡಿ, ತಲೆ ತಗ್ಗಿಸಿ ಒಳಗೆ ಹೋದ.

ಆಮೇಲೆ ಸೇಲ್ಸ್‌ನವರು, "ಭಾರ ಅಂತೀರಲ್ಲ, ಎಲ್ಲಿ, ಎತ್ತಿ ತೋರಿಸಿ ನೋಡುವ" ಅಂದರು. ನಾನು ಎತ್ತಿದೆ. ಯಾಕೆ ಎತ್ತಿದೆನೋ, ಈಗಲೂ ರಾತ್ರಿ ನೆನಪಾದರೆ ಮೈ ಉರಿಯುತ್ತದೆ. "ಎತ್ತಿದ್ರಲ್ಲ, ಮತ್ತೆಂತ ಭಾರ?" ಅಂದರು. ಗಿರಾಕಿಗಳಲ್ಲಿ ಇಬ್ಬರು ನಕ್ಕರು. ಒಮ್ಮೆ ಎತ್ತಿ ಇಡುವುದು ಬೇರೆ, ಹಿಡಿದು ಅರ್ಧ ಗಂಟೆ ಕೊಯ್ಯುವುದು ಬೇರೆ ಅಂತ ಹೇಳಲು ಹೊರಟೆ. ಸರ್ವೀಸಿನವರು ಅಷ್ಟರಲ್ಲಿ, ನನಗೆ ಕೇಳುವ ಹಾಗೇ, "ಹಪ್ಪಳ ಮಾಡುವವರಿಗೆ ಇದೆಲ್ಲ ಎಂತಕ್ಕೆ" ಅಂದರು. ಮಿಷನ್ ಇನ್ನೂ ನನ್ನ ಕೈಯಲ್ಲೇ ಇತ್ತು. ಕೆಳಗಿಡಿ ಅಂತಲೂ ಯಾರೂ ಹೇಳಲಿಲ್ಲ.

ಹಪ್ಪಳ ಮಾಡುತ್ತೇನೆ, ಹೌದು. ಅಡಿಕೆ ಸುಲಿಯುತ್ತೇನೆ, ಹಾಲು ಕರೆಯುತ್ತೇನೆ, ಪಂಪು ಕೆಟ್ಟರೆ ಬಿಚ್ಚುತ್ತೇನೆ. 16,800 ರೂಪಾಯಿ ಆ ದುಡಿಮೆಯದ್ದೇ.

ಕೊನೆಗೆ ಸಮಾಧಾನ ಮಾಡುವ ಹಾಗೆ, 4,000 ಕಡಿತ ಮಾಡಿ ಇನ್ನೊಂದು ಕೊಡುತ್ತೇವೆ ಅಂತ ಮೇಲೆ ಹಿಡಿ ಇರುವ ಸಣ್ಣ ಪೆಟ್ರೋಲ್ ಮಿಷನ್ ತಂದರು. "ಒಂದೇ ಕೈಯಲ್ಲಿ ಕೊಯ್ಬಹುದು ಅಕ್ಕ" ಅಂತ ಮೊಬೈಲಿನಲ್ಲಿ ವೀಡಿಯೋ ತೋರಿಸಿದರು. ಆ ಮಾಡೆಲ್ ಮರ ಹತ್ತಿ ಕೆಲಸ ಮಾಡುವ, ತರಬೇತಿ ಆದವರಿಗೆ ಮಾತ್ರ ಅಂತ ಅದರ ಬಾಕ್ಸಿನೊಳಗಿನ ಪುಸ್ತಕದ ಮೊದಲ ಪುಟದಲ್ಲೇ ಇದೆ. ಒಂದು ಕೈಯಲ್ಲಿ ಹಿಡಿಯಬಾರದು ಅಂತ ಚಿತ್ರವೂ ಇದೆ. ನಿಮ್ಮ ಪುಸ್ತಕ ನಾನು ಓದಿದ್ದೇನೆ, ನಿಮ್ಮ ಮಳಿಗೆಯವರು ಓದಿಲ್ಲ. ನಾಳೆ ಯಾರದ್ದಾದರೂ ಕೈ ಹೋದರೆ ಆ ವೀಡಿಯೋ ತೋರಿಸಿದವರು ಬರುತ್ತಾರಾ?

ನಾನು ಮಿಷನ್ ಗೋಣಿಗೆ ಹಾಕಿಕೊಂಡು ಅದೇ ಬಸ್ಸಿನಲ್ಲಿ ವಾಪಸು ಬಂದೆ.

ಇವತ್ತು ಮೇ 3. ಪತ್ತನಾಜೆಗೆ ಇನ್ನು ಮೂರು ವಾರ ಇದೆ. ಬೇಲಿ ಅರ್ಧವನ್ನು ಕತ್ತಿಯಲ್ಲೇ ಕಡಿದಿದ್ದೇನೆ. ಹಾಗಾಗಿ ನಿಮ್ಮ ಬ್ಯಾಟರಿ ಮಿಷನ್ನೂ ನನಗೆ ಬೇಡ. ಮೇ 13ರೊಳಗೆ ಪೂರ್ತಿ 16,800 ರೂಪಾಯಿ ನನ್ನ ಖಾತೆಗೆ ಬರಬೇಕು, ಒಂದು ರೂಪಾಯಿ ಕಡಿತ ಇಲ್ಲದೆ. ಮಿಷನ್ ಒಯ್ಯಲು ನಿಮ್ಮವರೇ ಬರಬೇಕು. ಅದನ್ನು ಇನ್ನೊಮ್ಮೆ ನಾನು ಬಸ್ಸಿಗೆ ಹತ್ತಿಸುವುದಿಲ್ಲ.

ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೇಸು ಹಾಕುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವ ಜಾಹೀರಾತೂ ದಾರಿ ತಪ್ಪಿಸುವ ಜಾಹೀರಾತೇ. 5 ಲಕ್ಷದೊಳಗಿನ ಸಾಮಾನಿಗೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ, ಎರಡು ವರ್ಷ ಸಮಯ ಇದೆ. ಬಿಲ್, ವಾರಂಟಿ ಕಾರ್ಡ್, ಪೋಸ್ಟರಿನ ಫೋಟೋ, ತಕ್ಕಡಿಯ ಮುಳ್ಳು ಕಾಣುವ ಫೋಟೋ ಎಲ್ಲ ಒಂದೇ ಫೈಲಿನಲ್ಲಿದೆ. ಆ ದಿನ ನಕ್ಕವರ ಮುಂದೆ ನಿಂತದ್ದಕ್ಕೂ ಲೆಕ್ಕ ಹಾಕಿಯೇ ಕೇಳುತ್ತೇನೆ.

ಹಣ ಕೊಟ್ಟರೂ ಆ ಪೋಸ್ಟರಿನ ವಿಷಯ ನಾನು ಬಿಡುವುದಿಲ್ಲ. ನಮ್ಮ ಹಾಲಿನ ಸೊಸೈಟಿಗೆ ಬೆಳಿಗ್ಗೆ ಬರುವವರಿಗೆಲ್ಲ ಈಗಾಗಲೇ ಹೇಳಿದ್ದೇನೆ. ಬ್ರಹ್ಮಾವರದಲ್ಲಿ ಮುಂದಿನ ಕೃಷಿ ಮೇಳ ಆಗುವಾಗ ನೀವು ಮಳಿಗೆ ಹಾಕಿ ಅದೇ 4.5 ಕೆಜಿ ತೋರಿಸಿದರೆ, ನಾನು ಕೊಕ್ಕೆ ತಕ್ಕಡಿ ಹಿಡಿದುಕೊಂಡು ಬರುತ್ತೇನೆ. ಬಾರ್ ಹಾಕಿಸಿ, ಟ್ಯಾಂಕ್ ತುಂಬಿಸಿ, ಎಲ್ಲರ ಎದುರು ತೂಗಿಸುತ್ತೇನೆ. ಆಗ ಎತ್ತಿ ಹಿಡಿಯುವುದು ನಿಮ್ಮವರ ಸರದಿ.

ಇತಿ,
ನಿಮ್ಮ ಗ್ರಾಹಕಿ
ಹಿರಿಯಡ್ಕ, ಉಡುಪಿ