ಎರಡು ಗಾಜಿನ ನಡುವಿನ ಮಬ್ಬು ನೋಡಿ ಮನೆ ಕೊಳ್ಳಿ

ಮಾನ್ಯರೇ,

ಮೈಸೂರಿನ ರಿಂಗ್ ರಸ್ತೆ, ಹುಣಸೂರು ರಸ್ತೆಯ ಆಸುಪಾಸಿನಲ್ಲಿ ವಾಹನಗಳ ಸದ್ದು ತಡೆಯಲೆಂದು ಡಬಲ್ ಗ್ಲಾಸ್ ಕಿಟಕಿ ಹಾಕಿಸಿದ ಮನೆಗಳು ಈಗ ಮರುಮಾರಾಟಕ್ಕೆ ಬರುತ್ತಿವೆ. ಕೊಳ್ಳುವವರು ಖಾತೆ, ಇ.ಸಿ. (ಋಣಭಾರ ಪತ್ರ) ಎಲ್ಲವನ್ನೂ ನೋಡುತ್ತಾರೆ, ಗಾಜನ್ನು ಮಾತ್ರ ನೋಡುವುದಿಲ್ಲ.

ಡಬಲ್ ಗ್ಲಾಸ್ ಎಂದರೆ 5 ಅಥವಾ 6 ಮಿ.ಮೀ. ದಪ್ಪದ ಎರಡು ಗಾಜುಗಳ ನಡುವೆ ಸಾಮಾನ್ಯವಾಗಿ 12 ಮಿ.ಮೀ. ಒಣಗಾಳಿ ಇಟ್ಟು ಮುಚ್ಚಿದ ಕಟ್ಟು. ಅಂಚಿನ ಅಲ್ಯೂಮಿನಿಯಂ ಪಟ್ಟಿಯೊಳಗೆ ತೇವ ಹೀರುವ ಹರಳುಗಳಿರುತ್ತವೆ. ಸುತ್ತಲಿನ ಅಂಟು ಬಿಟ್ಟರೆ ತೇವ ಒಳಗೆ ಇಳಿಯುತ್ತದೆ. ಹರಳು ಹೀರುವಷ್ಟು ಹೀರಿದ ಮೇಲೆ ಮಬ್ಬು ಕಟ್ಟುತ್ತದೆ. ಬಿಸಿಲೇರಿದ ಮೇಲೆ ಅದು ಮಾಯವಾಗಬಹುದು, ಆದ್ದರಿಂದ ಮನೆ ನೋಡಲು ಬೆಳಗ್ಗೆ 7ರ ಹೊತ್ತಿಗೇ ಹೋಗಿ. ಗಾಜನ್ನು ಒಳಗೂ ಹೊರಗೂ ಬಟ್ಟೆಯಿಂದ ಒರೆಸಿ. ಒರೆಸಿದರೆ ಹೋಗುವ ಹನಿ ದೋಷವಲ್ಲ. ಎರಡೂ ಕಡೆ ಒರೆಸಿದರೂ ಉಳಿಯುವ ಮಬ್ಬು, ಬಿಳಿ ಕಲೆ ಅಂಟು ಬಿಟ್ಟಿರುವುದರ ಗುರುತು. ‘ಕ್ಲೀನ್ ಮಾಡಿಸಿದರೆ ಸರಿಹೋಗುತ್ತದೆ’ ಎಂಬ ಮಾತನ್ನು ನಂಬಬೇಡಿ. ನಿಜವಾಗಿ ಡಬಲ್ ಗ್ಲಾಸ್ ಹೌದೇ ಎನ್ನುವುದಕ್ಕೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ: ಬೆಳಕಿನ ಬಿಂಬ ಎರಡು ಜೋಡಿ ಕಾಣಬೇಕು.

ಅಂಟು ಬೇಗ ಹಾಳಾಗಲು ಹಲವೆಡೆ ಕಾರಣ ನಿಂತ ನೀರು. ಚೌಕಟ್ಟಿನ ಕೆಳಪಟ್ಟಿಯಲ್ಲಿ ಮಳೆನೀರು ಹೊರಗೆ ಹೋಗಲು ಸಣ್ಣ ಕಂಡಿಗಳಿರುತ್ತವೆ. ಗಾರೆ, ಪೇಂಟು, ಸಿಲಿಕೋನ್ ಬಿದ್ದು ಅವು ಮುಚ್ಚಿಹೋದರೆ ಗಾಜಿನ ಕೆಳಅಂಚು ನೀರಿನಲ್ಲೇ ನೆನೆಯುತ್ತದೆ. ಕಿಟಕಿ ಸರಿಯುವ ಹಳಿಗೆ ಅರ್ಧ ಚೊಂಬು ನೀರು ಸುರಿದು ನೋಡಿ, ಅದು ತಡವಿಲ್ಲದೆ ಹೊರಗೆ ಇಳಿಯಬೇಕು. ಗಾಜಿನ ಅಡಿಗೆ ಪ್ಯಾಕಿಂಗ್ ತುಂಡು ಇಡದೆ ನೇರ ಚೌಕಟ್ಟಿನ ಮೇಲೆ ಕೂರಿಸುವುದು, ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಬಳಿಯುವುದು ಕೂಡ ಅಂಟಿಗೆ ಕೇಡು.

ಮಬ್ಬಾಯಿತೆಂದು ಇಡೀ ಕಿಟಕಿ ಕಿತ್ತು ಹಾಕಬೇಕಿಲ್ಲ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟು ನೆಟ್ಟಗಿದ್ದರೆ ಗಾಜನ್ನು ಹಿಡಿದಿಡುವ ಬೀಡಿಂಗ್ ಪಟ್ಟಿ ತೆಗೆದು ಗಾಜಿನ ಕಟ್ಟನ್ನಷ್ಟೇ ಬದಲಿಸಿದರೆ ಸಾಕು. ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲಾಗದು, ಹಾಗಾಗಿ ಅಳತೆ ಮಿಲಿಮೀಟರ್ ಲೆಕ್ಕದಲ್ಲಿರಲಿ. ಒಟ್ಟು ದಪ್ಪವೂ ಮೊದಲಿನಷ್ಟೇ ಇರಬೇಕು: 5+12+5 ಇದ್ದರೆ 22 ಮಿ.ಮೀ. ತೆಳುವಾದರೆ ಬೀಡಿಂಗ್ ಸಡಿಲವಾಗುತ್ತದೆ. ಗಾಜು ಹೊರಬಂದಾಗಲೇ ನೀರಿನ ಕಂಡಿಗಳನ್ನು ಬಿಡಿಸಿ, ಇಲ್ಲವಾದರೆ ಹೊಸದಕ್ಕೂ ಅದೇ ಗತಿ. ಗಾಜಿಗೆ ತೂತು ಕೊರೆದು ಮಬ್ಬು ಒಣಗಿಸುವವರೂ ಇದ್ದಾರೆ. ಬಿಟ್ಟ ಅಂಟು ಅದರಿಂದ ಕೂಡಿಕೊಳ್ಳುವುದಿಲ್ಲ, ಅದಕ್ಕೆ ಹಣ ಹಾಕಬೇಡಿ.

ಇದೆಲ್ಲ ನೋಂದಣಿಗೆ ಮೊದಲೇ ಆಗಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ, ತಮಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕು. ಕಣ್ಣಿಗೇ ಕಾಣುವ ಮಬ್ಬು ಅದರಡಿ ಬರುವುದು ಕಷ್ಟ. ಆದ್ದರಿಂದ ಯಾವ ಕೋಣೆಯ ಯಾವ ಗಾಜು, ಯಾರು ಬದಲಿಸಬೇಕು ಅಥವಾ ಎಷ್ಟು ಹಣ ಮುರಿದುಕೊಳ್ಳಬೇಕು ಎನ್ನುವುದನ್ನು ಕ್ರಯದ ಕರಾರಿನಲ್ಲೇ ಬರೆಸಿ. ಬಿಲ್ಡರಿಂದ ನೇರ ಕೊಂಡವರಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3) ಕಲಂ ಇದೆ: ಸ್ವಾಧೀನ ಸಿಕ್ಕ 5 ವರ್ಷದೊಳಗೆ ಕಾಮಗಾರಿ ದೋಷ ತಿಳಿಸಿದರೆ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಕೀ ಕೊಡುವ ದಿನವೇ ಬಿಲ್ಡರ್‌ಗಳು ಗಾಜಿನ ಬಿಲ್ಲು, ದಪ್ಪದ ವಿವರ, ವಾರಂಟಿ ಪತ್ರವನ್ನು ಮಾಲೀಕರ ಹೆಸರಿಗೆ ಕೊಡಲಿ.

– ಕಿಟಕಿ ಅಳವಡಿಸುವ ಕೆಲಸದವರು, ಮೈಸೂರು