ಫೌಜಿನ ನಂತರವೂ ದಾರಿ ಇದೆ: ಮಗಳಿಗೊಂದು ಪತ್ರ

ಕ್ಯಾಂಪ್, ಬೆಳಗಾವಿ

ನನ್ನವ್ವಾ,

ಸೇನಾಧಿಕಾರಿಗಳ ಆಯ್ಕೆಯ ಎಸ್‌ಎಸ್‌ಬಿ ಸಂದರ್ಶನ ನೀನು ಪಾಸಾದ ಸುದ್ದಿ ಕೇಳಿ ನಿನ್ನ ಅವ್ವ ಓಣಿಗೆಲ್ಲ ಪೇಢೆ ಹಂಚಿದ್ದಾಳೆ. ಆದರೆ ಅವತ್ತು ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇಲ್ಲಿನ ಸೇನಾ ತರಬೇತಿ ಕೇಂದ್ರ ಮರಾಠಾ ಸೆಂಟರಿನಲ್ಲಿ ಪರೇಡ್ ಹತ್ತಿರ ಬಂದರೆ ನಮ್ಮ ಟೇಲರ್ ಅಂಗಡಿ ಹೇಗಿರುತ್ತದೆ ಅಂತ ನಿನಗೆ ಗೊತ್ತಲ್ವಾ? "ಫೌಜಿಗೆ ಹೋದರೆ ರಾಯಭಾರಿ ಆಗುವ ಆಸೆ ಅಲ್ಲಿಗೆ ಮುಗೀತು" ಅಂತ ಧಾರವಾಡದ ಗೆಳತಿಯರು ಹೇಳಿದರಂತೆ. ನಿನಗೂ ಮನಸ್ಸು ಅಳುಕಿದೆ.

ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ದೇಶದ ದೊಡ್ಡ ಸೇನಾಧಿಕಾರಿಗಳಲ್ಲಿ ಕೆಲವರು ಮಾಡಿದ ಅತಿ ಕಷ್ಟದ ಕೆಲಸ ಯುದ್ಧದಲ್ಲಿ ಮಾಡಿದ್ದಲ್ಲ. ಯುದ್ಧ ನಿಂತ ಮೇಲೆ, ಇಬ್ಬರು ವೈರಿಗಳ ನಡುವೆ ನಿಂತು ಮಾಡಿದ್ದು.

ಕೊಡಗಿನ ತಿಮ್ಮಯ್ಯನವರನ್ನೇ ನೋಡು. 1948ರಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಜನರಲ್ ಅಂತ ಎಲ್ಲರೂ ಹೊಗಳುತ್ತಾರೆ. ಹೊಗಳಬೇಕಾದದ್ದೇ. ಆದರೆ ಕೇಳಿದರೆ ನಾನು ಕೊರಿಯಾದ ಕೆಲಸವನ್ನೇ ಮುಂದೆ ಇಡುತ್ತೇನೆ. 1953ರ ಜುಲೈ 27ರಂದು ಕೊರಿಯಾ ಯುದ್ಧ ನಿಂತಿತು. ಅದಕ್ಕೂ ಮುಂಚೆ ಒಂದು ವರ್ಷಕ್ಕಿಂತ ಜಾಸ್ತಿ ಮಾತುಕತೆ ಸಿಕ್ಕಿಬಿದ್ದದ್ದು ಯುದ್ಧಕೈದಿಗಳ ವಿಷಯದಲ್ಲಿ. ಅಮೆರಿಕದ ಕಡೆಯವರು ಹಿಡಿದಿಟ್ಟಿದ್ದ ಚೀನಿ ಮತ್ತು ಉತ್ತರ ಕೊರಿಯಾದ ಸೈನಿಕರಲ್ಲಿ ಸುಮಾರು 22,600 ಮಂದಿ ಊರಿಗೆ ವಾಪಸ್ ಹೋಗಲು ಒಪ್ಪಲಿಲ್ಲ. ಅವರನ್ನು ಒತ್ತಾಯದಿಂದ ಕಳಿಸಬೇಕಾ, ಬಿಡಬೇಕಾ? ಇದನ್ನು ನೋಡಿಕೊಳ್ಳಲು ಐದು ದೇಶಗಳ ಆಯೋಗ ಆಯಿತು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲಿದರೆ ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಭಾರತ, ಅಧ್ಯಕ್ಷರ ಕುರ್ಚಿಯಲ್ಲಿ ತಿಮ್ಮಯ್ಯ.

ಕೈದಿಗಳನ್ನು ಕಾಯುವ ಹೊಣೆ ನಮ್ಮ ಸೈನ್ಯದ್ದು. ಅದರ ಮುಖ್ಯಸ್ಥರು ಮೇಜರ್ ಜನರಲ್ ಥೋರಾತ್, ನಮ್ಮ ಪಕ್ಕದ ಕೊಲ್ಹಾಪುರದ ಕಡೆಯವರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ತಮ್ಮ ನೆಲದ ಮೇಲೆ ಭಾರತದ ಸೈನಿಕರು ಕಾಲಿಡಬಾರದು ಅಂದುಬಿಟ್ಟರು. ಹಾಗಾಗಿ ನಮ್ಮವರನ್ನು ಇಂಚಾನ್ ಬಂದರಿನ ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗಿ, ಎರಡು ಕೊರಿಯಾಗಳ ನಡುವಿನ ಸೈನ್ಯವಿಲ್ಲದ ಪಟ್ಟಿಯಲ್ಲಿ ಇಳಿಸಿದರು. ಅಲ್ಲಿ ಹಾಕಿದ ಬಿಡಾರಕ್ಕೆ ನಮ್ಮವರು ಹಿಂದ್ ನಗರ ಅಂತ ಹೆಸರಿಟ್ಟರು.

ಮೊದಲ ದಿನಗಳಲ್ಲೇ ಕೈದಿಗಳು ನಮ್ಮ ಒಬ್ಬ ಮೇಜರನ್ನು ಬೇಲಿಯೊಳಗೆ ಹಿಡಿದಿಟ್ಟುಕೊಂಡರು. ಥೋರಾತ್ ತಾವೇ ಆ ಗುಂಪಿನ ನಡುವೆ ಹೋಗಿ, ಮಾತಾಡಿ, ಗುಂಡು ಹಾರಿಸದೆ ಅವರನ್ನು ಬಿಡಿಸಿಕೊಂಡು ಬಂದರು. ಎಲ್ಲ ಸಲವೂ ಹೀಗೇ ಆಯಿತು ಅಂತಲ್ಲ. ಅಕ್ಟೋಬರ್ ಮೊದಲ ವಾರ ಗುಂಡು ಹಾರಿಸಬೇಕಾಗಿ ಬಂತು, ಕೆಲವು ಕೈದಿಗಳು ಸತ್ತರು. ಅದನ್ನು ಮುಚ್ಚಿಡಬಾರದು. ಆದರೆ ಒಳಗೆ ಸಾವಿರಾರು ಜನ ರೊಚ್ಚಿಗೆದ್ದು ಕೂತಿದ್ದಾಗ, ಹೊರಗೆ ಎರಡೂ ಕಡೆಯವರು ಭಾರತದ ಮೇಲೇ ಬೆರಳು ತೋರಿಸುತ್ತಿದ್ದಾಗ, ತಿಂಗಳುಗಟ್ಟಲೆ ತಾಳ್ಮೆ ಕೆಡದೆ ಇರುವುದು ಸಣ್ಣ ಮಾತಲ್ಲ.

ನಿಯಮ ಹೀಗಿತ್ತು: ಕೈದಿಗಳ ದೇಶದವರು ಬಂದು ತೊಂಬತ್ತು ದಿನ ಅವರಿಗೆ ತಿಳಿಹೇಳಬಹುದು. ಮನಸ್ಸು ಬದಲಿಸಿದವರು ಊರಿಗೆ ಹೋಗಬಹುದು. ಹೋದವರು ಕೆಲವು ನೂರು ಮಂದಿ ಮಾತ್ರ. ಉಳಿದವರನ್ನು ಏನು ಮಾಡಬೇಕು ಅನ್ನುವುದರಲ್ಲಿ ದೊಡ್ಡ ದೇಶಗಳು ಒಪ್ಪಂದಕ್ಕೆ ಬರಲೇ ಇಲ್ಲ. 1954ರ ಜನವರಿಯಲ್ಲಿ ತಿಮ್ಮಯ್ಯನವರು ಆ ಕೈದಿಗಳನ್ನು ಮೊದಲು ಹಿಡಿದಿದ್ದವರಿಗೇ ವಾಪಸ್ ಒಪ್ಪಿಸಿದರು. ಅದು ಎರಡೂ ಕಡೆಯವರಿಗೆ ಸಮಾಧಾನ ತರಲಿಲ್ಲ. ಆ ಕಡೆಗೂ ಬೇಡ, ಈ ಕಡೆಗೂ ಬೇಡ ಅಂದ 88 ಮಂದಿ ನಮ್ಮವರ ಜೊತೆ ಹಡಗು ಹತ್ತಿ ಭಾರತಕ್ಕೇ ಬಂದರು. ಆ 88 ಜನರ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ತಮ್ಮ ಊರಿಗಿಂತ, ತಮ್ಮನ್ನು ಬಂದೂಕು ಹಿಡಿದು ಕಾಯುತ್ತಿದ್ದವರ ದೇಶವನ್ನು ನಂಬಿ ಬಂದರಲ್ಲ! ನಮ್ಮ ಜವಾನರು ಅವರ ಜೊತೆ ಹೇಗೆ ನಡೆದುಕೊಂಡಿರಬೇಕು, ನೀನೇ ಹೇಳು.

ತಿಮ್ಮಯ್ಯ 1961ರಲ್ಲಿ ಸೇನಾ ಮುಖ್ಯಸ್ಥರಾಗಿ ನಿವೃತ್ತರಾದರು. ಮಡಿಕೇರಿಯಲ್ಲಿ ಆರಾಮಾಗಿ ಇರಬಹುದಿತ್ತು. 1964ರ ಜುಲೈಯಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಡೆಯ ಕಮಾಂಡರ್ ಆಗಿ ಹೊರಟರು. ಗ್ರೀಕರು ಮತ್ತು ತುರ್ಕರು ಒಂದೇ ದ್ವೀಪದಲ್ಲಿ ಬಡಿದಾಡುತ್ತಿದ್ದರು. ಇವರು ಹೋದ ಮರುತಿಂಗಳೇ ತುರ್ಕಿಯ ವಿಮಾನಗಳು ಬಾಂಬ್ ಹಾಕಿದವು. ಅಂಥ ಕಡೆ ನಿಂತು ಕೆಲಸ ಮಾಡುತ್ತಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾದಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ.

ನಮ್ಮ ಅಂಗಡಿಗೆ ಒಬ್ಬ ವಯಸ್ಸಾದ ಸುಬೇದಾರ್ ಸಾಹೇಬರು ಬರುತ್ತಾರೆ. ಅವರ ಕೋಟಿನ ಅಸ್ತರ ಬದಲಿಸುವಾಗ ಎದೆಯ ಮೇಲಿನ ರಿಬ್ಬನ್ ಸಾಲು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಕೊನೆಯದರಲ್ಲಿ ವಿಶ್ವಸಂಸ್ಥೆಯ ತಿಳಿನೀಲಿ ಬಣ್ಣ. ಬಿಸಿಲಿಗೆ ಮಾಸಿ ಅರ್ಧ ಬೆಳ್ಳಗಾಗಿತ್ತು. ಹೊಸದು ಹಾಕಿಕೊಡಲಾ ಅಂದೆ. ಬೇಡ, ಇದೇ ಇರಲಿ ಅಂದರು. ಎರಡು ಹಳ್ಳಿಗಳ ನಡುವಿನ ಚೆಕ್‌ಪೋಸ್ಟಿನಲ್ಲಿ, ಎರಡೂ ಕಡೆಯವರ ಬೈಗುಳ ತಿಂದು ಸುಮ್ನೆ ನಿಂತು ಗಳಿಸಿದ್ದು ಅದು, ಉಳಿದ ಯಾವುದಕ್ಕೂ ಅಷ್ಟು ಕಷ್ಟಪಟ್ಟಿಲ್ಲ ಅಂದರು. ಅವತ್ತಿನಿಂದ ಆ ನೀಲಿ ಪಟ್ಟಿ ಕೈಗೆ ಬಂದರೆ ನಾನು ಹುಷಾರಾಗಿ ಹೊಲಿಯುತ್ತೇನೆ.

ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕಾರ್ಯಪ್ಪನವರ ಕಥೆ ಬೇರೆ ಥರ. 1953ರ ಜನವರಿಯಲ್ಲಿ ನಿವೃತ್ತರಾದ ಮೇಲೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್, ಅಂದರೆ ರಾಯಭಾರಿ, ಆದರು, 1956ರವರೆಗೆ. ಆಗ ಆಸ್ಟ್ರೇಲಿಯಾದಲ್ಲಿ ಬಿಳಿಯರಿಗೆ ಮಾತ್ರ ಬಾಗಿಲು ತೆರೆಯುವ ವಲಸೆ ನೀತಿ ಇತ್ತು. ಇವರು ಅದು ತಪ್ಪು ಅಂತ ಬಹಿರಂಗವಾಗಿಯೇ ಹೇಳಿದರು. ರಾಯಭಾರಿ ಹಾಗೆ ನೇರ ಮಾತಾಡಬಾರದು ಅನ್ನುವವರಿದ್ದಾರೆ. ನನಗಂತೂ ಅದು ಹೆಮ್ಮೆಯ ವಿಷಯ. ವಾಪಸ್ ಬಂದ ಮೇಲೂ ಕೂರಲಿಲ್ಲ. ಮಾಜಿ ಸೈನಿಕರಿಗಾಗಿ 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದರು.

ಎಲ್ಲರೂ ದೇಶ ಬಿಟ್ಟು ಹೊರಗೇ ಹೋದರು ಅಂತಲ್ಲ. ಥೋರಾತ್ ಮಹಾರಾಷ್ಟ್ರದ ಲೋಕಸೇವಾ ಆಯೋಗದ ಅಧ್ಯಕ್ಷರಾದರು. ಕೊಲ್ಹಾಪುರದಲ್ಲೇ ಹುಟ್ಟಿದ ಜನರಲ್ ಶ್ರೀನಾಗೇಶ್ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಆಮೇಲೆ ಅಸ್ಸಾಂ, ಆಂಧ್ರದ ರಾಜ್ಯಪಾಲರಾಗಿ, 1964ರಲ್ಲಿ ನಮ್ಮ ಮೈಸೂರು ರಾಜ್ಯಕ್ಕೂ ರಾಜ್ಯಪಾಲರಾಗಿ ಬಂದರು.

ಒಂದು ಮಾತು ಮಾತ್ರ ನೆನಪಿರಲಿ. ಜನರಲ್ ಆಗಿದ್ದವರಿಗೆಲ್ಲ ಈ ಕೆಲಸ ಒಗ್ಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಿವೃತ್ತರಿಗೆ ಬಹುಮಾನ ಅಂತ ರಾಯಭಾರಿ ಹುದ್ದೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಆದೇಶ ಕೊಟ್ಟು ರೂಢಿಯಾದವರಿಗೆ, ಎದುರಿನವರು ಮಾತು ಮುಗಿಸುವವರೆಗೆ ಕಾಯುವುದು ಬಹಳ ಕಷ್ಟ. ತಿಮ್ಮಯ್ಯನವರಿಗೆ ಅದು ಬರುತ್ತಿತ್ತು. ನಿನಗೂ ಬರುತ್ತದೆ. ಕಿತ್ತೂರಿನ ಸೈನಿಕ ಶಾಲೆಯ ಹಾಸ್ಟೆಲಿನಲ್ಲಿ ಹುಡುಗಿಯರ ಜಗಳ ಬಿಡಿಸಲು ನಿನ್ನನ್ನೇ ಕರೆಯುತ್ತಿದ್ದರು ಅಂತ ನಿಮ್ಮ ಟೀಚರು ಹೇಳಿದ್ದು ನಾನು ಮರೆತಿಲ್ಲ.

ಇನ್ನು ನಿನ್ನ ಲೆಕ್ಕಕ್ಕೆ ಬರೋಣ. ಶಾರ್ಟ್ ಸರ್ವಿಸ್ ಹತ್ತು ವರ್ಷ, ಬೇಕಾದರೆ ಇನ್ನೂ ನಾಲ್ಕು. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಹೆಣ್ಣುಮಕ್ಕಳಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿವರೆಗೆ ಸೇವೆ ಮಾಡುವ ದಾರಿಯೂ ತೆರೆದಿದೆ. ಹೊರಗೆ ಬಂದರೆ, ಕನಿಷ್ಠ ಐದು ವರ್ಷ ಸೇವೆ ಮಾಡಿ ಬಂದ ಅಧಿಕಾರಿಗಳಿಗೆ, ವಿದೇಶಾಂಗ ಸೇವೆಗೂ ಆಯ್ಕೆ ಮಾಡುವ ಯುಪಿಎಸ್‌ಸಿ ಪರೀಕ್ಷೆಯಲ್ಲಿ ವಯಸ್ಸಿನ ರಿಯಾಯಿತಿ ಇದೆ. ಹಾಗೆ ನೋಡಿದರೆ, ಸೇವೆಯಲ್ಲಿ ಇರುವಾಗಲೇ ಇಂಥ ಕೆಲಸ ಸಿಗಬಹುದು. ಮೇಜರ್ ಸುಮನ್ ಗವಾನಿ ದಕ್ಷಿಣ ಸುಡಾನಿನಲ್ಲಿ, ಮೇಜರ್ ರಾಧಿಕಾ ಸೇನ್ ಕಾಂಗೋದಲ್ಲಿ ಕೆಲಸ ಮಾಡಿ ವಿಶ್ವಸಂಸ್ಥೆಯ ಪ್ರಶಸ್ತಿ ಪಡೆದರು. ಇಬ್ಬರೂ ಹಳ್ಳಿಗಳ ಹೆಂಗಸರು, ಮಕ್ಕಳ ಸುರಕ್ಷತೆಗೆ ದುಡಿದವರು. ಗೆಳತಿಯರಿಗೆ ಇದನ್ನೂ ಹೇಳು.

ಮೆಡಿಕಲ್ ತಾರೀಖು ಬಂದ ಕೂಡಲೇ ತಿಳಿಸು. ಅಲ್ಲಿಯವರೆಗೆ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೊರಿಯಾ ಆಯೋಗದ ವಿಷಯ ಹುಡುಕಿ ಓದು. ರಜೆಗೆ ಬಂದಾಗ ಕೂತು ಮಾತಾಡೋಣ, ನನಗೂ ಕೇಳಬೇಕಾದದ್ದು ಬಹಳ ಇದೆ. ಅವ್ವ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕಟ್ಟಿಟ್ಟಿದ್ದಾಳೆ, ಶನಿವಾರ ಕಾಕಾನ ಕೈಯಲ್ಲಿ ಕಳಿಸುತ್ತೇವೆ.

ಇಂತಿ,
ನಿನ್ನ ಅಪ್ಪ